ಬೆಚ್ಚಗಿದ್ದ ಬಾಟಲಿ

ಶ್ರೇಯಾ, ಸಮರ್ಥ, ಇದನ್ನು ನಿಮ್ಮ ಎದುರಿಗೆ ಕೂತು ಹೇಳಲು ನನ್ನಿಂದ ಆಗಲಿಲ್ಲ. ಹೇಳಬೇಕೆಂದು ಬಾಯಿ ತೆರೆದಾಗಲೆಲ್ಲ ಯಾರಾದರೂ ಗಂಡಸರು ಅಲ್ಲಿ ಇರುತ್ತಿದ್ದರು. ಹೆಣ್ಣುಮಕ್ಕಳು ನಾಲ್ಕು ಜನರ ಮುಂದೆ ಆಡಬಾರದು ಎಂದು ನಮಗೆ ಸಣ್ಣಂದಿನಿಂದ ಕಲಿಸಿದ ಮಾತೊಂದು ಈ ಬರಹದ ತುಂಬ ಬರುತ್ತದೆ. ಉಚ್ಚಿ. ನೋಡಿ, ಬರೆಯುವಾಗಲೂ ಕೈ ನಿಂತಿತು. ನಾನು ಏಳನೆಯ ಇಯತ್ತೆಯವರೆಗೆ ಹಳ್ಳಿಯ ಸಾಲೆಯಲ್ಲಿ ಕಲಿತವಳು. ತಪ್ಪಿದ್ದಲ್ಲಿ ತಿದ್ದಿಕೊಂಡು ಓದಿರಿ.

ನಿಮ್ಮ ಅಜ್ಜ ತೀರಿಕೊಂಡ ಮೇಲೆ ನಾನು ಖಾನಾಪುರದ ಒಂದು ಹೆರಿಗೆ ದವಾಖಾನೆಯಲ್ಲಿ ಆಯಾ ಆಗಿ ಕೆಲಸಕ್ಕೆ ಸೇರಿದೆ. ಅಲ್ಲಿ ಎಲ್ಲರೂ ನನ್ನನ್ನು ಮಾವಶಿ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದರು. ಕಸ ಹೊಡೆಯುವುದು, ಚಾದರ ಬದಲಿಸುವುದು, ಬಸುರಿಯರಿಗೆ ಬಾಟಲಿ ಕೊಟ್ಟು ಉಚ್ಚಿ ಹಿಡಿದುಕೊಂಡು ಬರಲು ಹೇಳುವುದು. ಕೆಲವು ದಿನಗಳಲ್ಲೇ ಡಾಕ್ಟರ್ ಬಾಯಾರು ಅದನ್ನು ಕಾಸಿ ನೋಡುವುದನ್ನೂ ಕಲಿಸಿದರು. ಗಾಜಿನ ನಳಿಗೆಯಲ್ಲಿ ಮುಕ್ಕಾಲು ಭಾಗ ತುಂಬಬೇಕು. ಚಿಮಟಿಗೆಯಲ್ಲಿ ಹಿಡಿದು ಓರೆ ಮಾಡಿ ಸ್ಪಿರಿಟ್ ದೀಪದ ಮೇಲೆ ಮೇಲ್ಭಾಗವನ್ನು ಮಾತ್ರ ಕಾಸಬೇಕು. ಕೆಳಗಿನದು ತಣ್ಣಗೇ ಇರಬೇಕು, ಆಗ ಮೇಲಿನದಕ್ಕೂ ಕೆಳಗಿನದಕ್ಕೂ ಹೋಲಿಸಿ ನೋಡಬಹುದು. ಮೇಲೆ ಮಬ್ಬು ಕಟ್ಟಿದರೆ ಎರಡು ಮೂರು ಹನಿ ಆ್ಯಸಿಡ್ ಬಿಡಬೇಕು. ಮಬ್ಬು ಕರಗಿ ತಿಳಿಯಾದರೆ ಚಿಂತೆಯಿಲ್ಲ, ಅದು ಬರೀ ಉಪ್ಪು. ಕರಗದೆ ಬೆಳ್ಳಗೆ ನಿಂತರೆ ರಕ್ತದಲ್ಲಿರಬೇಕಾದ ಸತ್ವ ಸೋರಿ ಹೋಗುತ್ತಿದೆ ಎಂದರ್ಥ. ಬಸುರಿಗೆ ಅದು ಅಪಾಯ. ಬಣ್ಣದ ಪಟ್ಟಿ ಅದ್ದಿ ನೋಡುವುದೂ ಇತ್ತು. ಬಾಯಾರು ಎರಡನ್ನೂ ಮಾಡಿಸುತ್ತಿದ್ದರು.

ನನಗೆ ಈ ಕೆಲಸ ಹೊಸದಲ್ಲ ಎನ್ನುವುದನ್ನು ನಾನು ಅಲ್ಲಿ ಯಾರಿಗೂ ಹೇಳಿರಲಿಲ್ಲ. ನಿಮ್ಮ ಅಜ್ಜ ಹಲಸಿಯ ಹತ್ತಿರದ ನಮ್ಮ ಹಳ್ಳಿಯಲ್ಲಿ ನಾಟಿ ವೈದ್ಯರು, ನೀರು ನೋಡುವುದರಲ್ಲಿ ಹೆಸರಾದವರು. ಜನ ಅದನ್ನು ನೀರು ಎಂದೇ ಕರೆಯುತ್ತಿದ್ದರು. ಹೊತ್ತು ಹುಟ್ಟುವ ಮೊದಲಿನ ಉಚ್ಚಿಯನ್ನು ಚರಿಗೆಯಲ್ಲಿ ಮುಚ್ಚಿಕೊಂಡು ತರುತ್ತಿದ್ದರು. ಅಜ್ಜ ಅದನ್ನು ಬಿಳಿ ಪಿಂಗಾಣಿ ಬಶಿಗೆ ಸುರಿದು, ಅಲುಗಾಡದಂತೆ ಬಿಸಿಲಿಗೆ ಇಟ್ಟು, ಹುಲ್ಲಿನ ಎಸಳಿನ ತುದಿಯಿಂದ ಒಂದು ಹನಿ ಎಳ್ಳೆಣ್ಣೆ ಬಿಡುತ್ತಿದ್ದರು. ಹನಿ ಹಾವಿನಂತೆ ಹರಿದರೆ ವಾತ, ಉಂಗುರದಂತೆ ನಿಂತರೆ ಪಿತ್ತ, ಮುತ್ತಿನಂತೆ ಕೂತರೆ ಕಫ. ಬೇಗ ಹರಡಿದರೆ ಗುಣವಾಗುತ್ತದೆ, ಮುಳುಗಿದರೆ ಇಲ್ಲ. ಬಶಿ ತೊಳೆಯುವುದು ನನ್ನ ಕೆಲಸ. ಬಾವಿಗೆ ಹೋದರೆ ಹೆಂಗಸರು ಕೊಡ ಸರಿಸಿಕೊಂಡು, "ಉಚ್ಚಿ ವೈದ್ಯನ ಹೇಂತಿ ಬಂದ್ಲು, ದಾರಿ ಬಿಡ್ರವ್ವಾ" ಎಂದು ನಗುತ್ತಿದ್ದರು. ಆ ನಗೆ ನನ್ನ ಕಿವಿಯಿಂದ ಹೋಗಿರಲಿಲ್ಲ. ಖಾನಾಪುರದಲ್ಲಿ ಯಾರಾದರೂ ಕೇಳಿದರೆ, "ನಮ್ಮವರು ಹೊಲಾ ಮಾಡ್ತಿದ್ರು" ಎನ್ನುತ್ತಿದ್ದೆ.

ಸುಗ್ಗಿ ಮುಗಿದ ಮೇಲಿನ ಒಂದು ಮುಂಜಾನೆ ದವಾಖಾನೆಗೆ ಒಬ್ಬ ಹೆಣ್ಣುಮಗಳು ಬಂದಳು. ನನಗಿಂತ ನಾಲ್ಕಾರು ವರ್ಷ ದೊಡ್ಡವಳು. ಬಂದವಳೇ ನನ್ನ ಮುಖ ನೋಡಿ, ಬೆಂಚಿನ ಮೇಲಿದ್ದವರಿಗೆಲ್ಲ ಕೇಳುವಂತೆ, "ಅಯ್ಯ, ವೈನಿ! ನೀವಿಲ್ಲಿ?" ಎಂದಳು. ಹಲಸಿ ಕಡೆಯ ಮಗಳು, ಜಾಂಬೋಟಿಯ ಆಚೆ ಕಣಕುಂಬಿ ದಾರಿಯ ಹಳ್ಳಿಯೊಂದಕ್ಕೆ ಕೊಟ್ಟಿದ್ದರು. ತವರಿಗೆ ಬಂದಾಗಲೆಲ್ಲ ಅಜ್ಜನ ಹತ್ತಿರ ನೀರು ತರುತ್ತಿದ್ದವಳು. ಅಜ್ಜನನ್ನು ಅಣ್ಣಾರು ಎನ್ನುತ್ತಿದ್ದಳು, ಹಾಗಾಗಿ ನಾನು ವೈನಿ, ಅತ್ತಿಗೆ. ನಾನು ಬೆಂಚಿನ ಕಡೆ ಒಮ್ಮೆ ನೋಡಿದೆ.

"ಸಾವಕಾಶ ಮಾತಾಡ್ರಿ ಯಕ್ಕಾ," ಎಂದೆ.

"ಸೊಸಿ ನೀರು ತಂದೀನಿ. ಚೊಚ್ಚಲು, ಎಂಟು ತುಂಬೇತಿ. ಕಾಲು ಜರಾ ಬಾತಾವು, ತಲಿ ಸಿಡೀತೈತಿ ಅಂತಾಳ. ಬಸ್ಸಿನ್ಯಾಗ ಕುಲುಕಾಡೋದು ಬ್ಯಾಡ ಅಂತ ನಾನ ಬಂದೆ."

ಊಟದ ಡಬ್ಬಿಯೊಳಗೆ, ಬಟ್ಟೆಯಲ್ಲಿ ಸುತ್ತಿದ್ದ ಬಾಟಲಿ. ಕೈಗೆ ತೆಗೆದುಕೊಂಡೆ. ಬೆಚ್ಚಗಿತ್ತು.

ಅವರ ಹಳ್ಳಿಯಿಂದ ಖಾನಾಪುರಕ್ಕೆ ಬರಬೇಕೆಂದರೆ ಜಾಂಬೋಟಿಯಲ್ಲಿ ಬಸ್ಸು ಬದಲಿಸಬೇಕು. ಚಳಿಯ ಮುಂಜಾನೆ. ಹೊತ್ತು ಹುಟ್ಟುವಾಗ ಹಿಡಿದದ್ದು ಅಷ್ಟು ಹೊತ್ತಿಗೆ ಬಾವಿಯ ನೀರಿನಂತೆ ತಣ್ಣಗಾಗಿರಬೇಕಿತ್ತು. ಬಾಟಲಿಯ ಹೊರಗಡೆಯೂ ಡಬ್ಬಿಯ ತಳದಲ್ಲೂ ಒರೆಸಿದ ಪಸೆ ಇತ್ತು. ಬಸ್ಸಿನಲ್ಲಿ ಚೆಲ್ಲಿದೆ, ಇಲ್ಲಿ ಸ್ಟ್ಯಾಂಡಿನಲ್ಲಿ ಇಳಿದು ಯಾರೋ ತಮ್ಮದನ್ನೇ ತುಂಬಿಕೊಂಡಿದ್ದಾರೆ ಎಂದು ನನಗೆ ಆಗಲೇ ಅನಿಸಿತು. ಆ ಯಾರೋ ಯಾರೆಂದೂ ಅನಿಸಿತು. ಕೇಳುವುದು ಹೇಗೆ? ಬೆಂಚಿನ ಮೇಲೆ ಬಸುರಿಯರ ಗಂಡಂದಿರು ಮೂರ್ನಾಲ್ಕು ಮಂದಿ ಕೂತಿದ್ದರು. ನಾನು ಅವಳ ಕಿವಿಯ ಹತ್ತಿರ ಬಾಗಿ, "ಇದು ಅಕೀದ ಏನ ಯಕ್ಕಾ?" ಎಂದು ಕೇಳಿದೆ.

ಅವಳ ಮುಖ ಬಿಗಿಯಿತು. "ಮತ್ಯಾರದು? ಅಣ್ಣಾರು ಒಂದ ದಿನಾನೂ ಹಿಂಗ ಕೇಳಲಿಲ್ಲ ನೋಡ್ರಿ. ಹೆಣ್ಮಗಳ್ನ ಕರಕೊಂಡು ಬಾ ಅಂತನೂ ಅನ್ನಲಿಲ್ಲ. ನೀರ ನೋಡಿ ಎಲ್ಲಾ ಹೇಳ್ತಿದ್ರು. ನೀವು ಅವರ ಮನ್ಯಾಗ ಇದ್ದು ಏನ ಕಲತ್ರಿ?"

ಬೆಂಚಿನ ಮೇಲೆ ಯಾರೋ ನಕ್ಕರು. ನನಗೆ ಭೂಮಿ ಬಾಯಿ ತೆರೆಯಬಾರದೇ ಎನಿಸಿತು. ಒಳಗೆ ಹೋಗಿ ಕಾಸಿದೆ. ಮೇಲೂ ಕೆಳಗೂ ಒಂದೇ ತಿಳಿ. ಬಾಯಾರು ಹೆರಿಗೆ ಕೋಣೆಯಲ್ಲಿದ್ದರು, ಒಳಗಿನಿಂದ ಕೂಗು ಕೇಳುತ್ತಿತ್ತು. ಹೊರಗೆ ಬಂದು, "ನೀರೇನೋ ತಿಳಿ ಐತಿ. ಬಾಯಾರು ಬರೂತನಾ ಕುಂದರ್ರಿ," ಎಂದೆ.

"ತಿಳಿ ಐತಿಲ್ಲ, ಮುಗೀತು. ಬಸ್ ತಪ್ಪತೈತಿ," ಎಂದು ಡಬ್ಬಿ ಎತ್ತಿಕೊಂಡು ಹೊರಟೇಬಿಟ್ಟಳು. ನಾನು ಬಾಗಿಲವರೆಗೆ ಹೋದೆ. ಬೀದಿಯಲ್ಲಿ ಕೂಗಿ ಕರೆಯುವುದು ನನ್ನಿಂದ ಆಗಲಿಲ್ಲ.

ಬಾಯಾರು ಕೈ ತೊಳೆದು ಹೊರಗೆ ಬಂದಾಗ ಎಲ್ಲವನ್ನೂ ಹೇಳಿದೆ. ಬೆಚ್ಚಗಿತ್ತು ಎಂದದ್ದಕ್ಕೆ ಅವರು ಹುಬ್ಬು ಏರಿಸಿದರು. ತಲೆ ಸಿಡಿಯುತ್ತದಂತೆ ಎಂದಾಗ ಕುರ್ಚಿಯಿಂದ ಎದ್ದೇಬಿಟ್ಟರು.

"ಮಾವಶಿ, ನೀರು ಬಸ್ಸಿನ್ಯಾಗ ಬಂತು, ಹೊಟ್ಟಿ ಮನ್ಯಾಗ ಕುಂತೈತಿ. ನಾ ಯಾರಿಗೆ ಔಷಧ ಕೊಡ್ಲಿ, ಬಾಟ್ಲಿಗೇನು?"

ಹುಡುಗಿಯ ಗಂಡ ಗೋವೆಯ ಕಡೆ ಗಾಡಿ ಹೊಡೆಯುತ್ತಿದ್ದ. ಬಾಯಾರು ಫೋನ್ ಮಾಡಿದರು. ಅವನು, "ಅವ್ವ ಈಗ ಫೋನ್ ಮಾಡಿದ್ಲರೀ ಮೇಡಂ, ನೀರು ಚಲೋ ಐತಿ ಅಂತ ನಿಮ್ಮಲ್ಲೇ ಹೇಳ್ಯಾರಂತಲ್ಲ," ಎಂದ. ಆಮೇಲೆ ರೇಂಜು ಹೋಯಿತು. ಬಾಯಾರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

"ನಿಮಗ ಪರಿಚಯದ ಮಂದಿ. ನೀವ ಹೋಗ್ರಿ. ಹುಡುಗಿ ಬಿಟ್ಟು ಬರಬ್ಯಾಡ್ರಿ. ಇಲ್ಲಿಗೂ ತರಬ್ಯಾಡ್ರಿ, ಸೀದಾ ಬೆಳಗಾವಿ ದೊಡ್ಡ ದವಾಖಾನಿಗೆ. ನಾ ಫೋನ್ ಮಾಡಿ ಇಟ್ಟಿರ್ತೀನಿ."

ಹೊರಡುವ ಮುನ್ನ ಒಂದು ಯೋಚನೆ ಬಂತು. ನಾನು ಬರೀ ಬಾಯಿಮಾತಿನಲ್ಲಿ ಹೇಳಿದರೆ ಆ ಮನೆಯವರು ಹುಡುಗಿಯನ್ನು ಕಳಿಸುವುದಿಲ್ಲ. ತಿಳಿ ಐತಿ ಎಂದು ನನ್ನ ಬಾಯಿಂದಲೇ ಕೇಳಿಕೊಂಡು ಹೋಗಿದ್ದಾಳೆ. ಪಟ್ಟಿ ಒಯ್ದು ಅದ್ದಿದರೆ ಹಳದಿ ಹೋಗಿ ಹಸಿರಾದದ್ದು ಅವರಿಗೆ ಏನು ಹೇಳೀತು? ಕಾಸಿದರೆ ಒಡೆದದ್ದು ಯಾರ ಕಣ್ಣಿಗೂ ಕಾಣುತ್ತದೆ. ಬಾಯಾರನ್ನು ಕೇಳಿ ಒಂದು ನಳಿಗೆ, ಚಿಮಟಿಗೆ, ಆ್ಯಸಿಡ್ ಶೀಶೆ, ಸ್ಪಿರಿಟ್ ದೀಪ ಚೀಲಕ್ಕೆ ಹಾಕಿಕೊಂಡೆ.

ಬಸ್ಸಿನ ಕುಲುಕಾಟಕ್ಕೆ ದೀಪ ಅಡ್ಡಬಿದ್ದು ಸ್ಪಿರಿಟ್ ಎಲ್ಲ ಚೀಲಕ್ಕೆ ಇಳಿಯಿತು. ಪಕ್ಕದಲ್ಲಿ ಕೂತಿದ್ದ ಗಂಡಸು ಮೂಗು ಮುರಿದು, "ಏನ ಅಜ್ಜಿ, ಮುಂಜಾನೇನ ಶುರುವು?" ಎಂದ. ಹಿಂದಿನ ಸೀಟಿನವರೂ ನಕ್ಕರು. ಕಿಟಕಿಯ ಕಡೆ ಮುಖ ಮಾಡಿ ಕೂತೆ.

ಅವರ ಮನೆಯ ಕಟ್ಟೆಯ ಮೇಲೆ ಹುಡುಗಿಯ ಮಾವ ಇಬ್ಬರು ಗೆಳೆಯರೊಂದಿಗೆ ಎಲೆ ಅಡಿಕೆ ಹಾಕುತ್ತಾ ಕೂತಿದ್ದ. ಯಾಕೆ ಬಂದಿರಿ ಎಂದು ಕೇಳಿದರು. ಸೆರಗು ಎಳೆದುಕೊಂಡು ಒಳಗೆ ನಡೆದೆ. ಹುಡುಗಿ ಅಡುಗೆ ಮನೆಯ ಗೋಡೆಗೆ ಒರಗಿ ಕೂತಿದ್ದಳು. ಮುಖ ಊದಿ ಕಣ್ಣು ಸಣ್ಣಗಾಗಿದ್ದವು. ಬಳೆಗಳು ಮುಂಗೈಯಲ್ಲಿ ಹೂತಿದ್ದವು. "ಕಣ್ಮುಂದ ಮಿಣುಕುಹುಳ ಹಾರಿದಂಗ ಆಗತೈತ್ರೀ," ಎಂದಳು.

ಅವಳ ಅತ್ತೆ ಹಿತ್ತಲಿನಿಂದ ಬಂದು ನನ್ನನ್ನು ಕಂಡು ನಿಂತಳು. "ವೈನಿ, ಮತ್ತ ಏನು?"

"ಇನ್ನೊಮ್ಮೆ ನೋಡಬೇಕು ಯಕ್ಕಾ. ಅಕೀದ ಬೇಕು."

"ಮುಂಜಾನೆ ನೋಡೀರಿ."

ಹುಡುಗಿಯ ಕೈ ಹಿಡಿದು ಎಬ್ಬಿಸಿದೆ. ಹಿತ್ತಲಿನ ಪಾಯಖಾನೆಗೆ ಹೋಗುವ ದಾರಿ ಕಟ್ಟೆಯಿಂದ ಕಾಣುತ್ತಿತ್ತು. ಅವಳು ಕಾಲು ಕೀಳಲೊಲ್ಲಳು. "ಮಾವಾರು ಕುಂತಾರ," ಎಂದಳು. ಅವಳಿಗೆ ಮಾವ ಕಟ್ಟೆಗೆ ಬಂದರೆ ಸಂಜೆಯವರೆಗೆ ತಡೆದುಕೊಳ್ಳುವ ರೂಢಿ. ನಾನು ಅವಳ ಪಕ್ಕಕ್ಕೆ ನನ್ನ ಸೆರಗು ಬಿಚ್ಚಿ ಅಡ್ಡ ಹಿಡಿದು ಕರೆದುಕೊಂಡು ಹೋದೆ. ನನ್ನ ಜೀವನದಲ್ಲಿ ಪರಗಂಡಸರ ಎದುರು ಹಾಗೆ ನಡೆದದ್ದು ಅದೊಂದೇ ಸಲ. ಬಹಳ ಹೊತ್ತಿನ ಮೇಲೆ ಚರಿಗೆಯ ತಳದಲ್ಲಿ ಸ್ವಲ್ಪ ತಂದಳು. ಗಾಢ ಬಣ್ಣ, ಮೇಲೆ ನೊರೆ.

ಅಡುಗೆ ಒಲೆಯ ಕಡೆ ನಾನು ನೋಡಲೂ ಇಲ್ಲ. ಬಚ್ಚಲ ಒಲೆಯಲ್ಲಿ ಸ್ನಾನದ ನೀರು ಕಾಸಿದ ಕೊಳ್ಳಿ ಇನ್ನೂ ಉರಿಯುತ್ತಿತ್ತು. ಅಲ್ಲಿ ಕುಕ್ಕರಗಾಲಿನಲ್ಲಿ ಕೂತು ನಳಿಗೆ ಓರೆ ಹಿಡಿದೆ. ಸೌದೆಯ ಬೆಂಕಿ ದೀಪದಂತೆ ಒಂದೆಡೆ ನಿಲ್ಲುವುದಿಲ್ಲ. ಹೊಗೆ ಹತ್ತಿ ಗಾಜೆಲ್ಲ ಮಸಿಯಾಯಿತು, ಒಳಗೆ ಏನಾಗಿದೆ ಎಂದೇ ಕಾಣದು. ಬಿಸಿ ಗಾಜಿಗೆ ಹಸಿ ಬಟ್ಟೆ ತಾಗಿದರೆ ಸಿಡಿಯುತ್ತದೆ. ಒಣ ಸೆರಗಿನಿಂದ ಮೆಲ್ಲಗೆ ಒರೆಸಿ ಬೆಳಕಿಗೆ ಹಿಡಿದೆ. ಮೇಲಿನ ಭಾಗ ಬೆಳ್ಳಗಾಗಿತ್ತು. ಆ್ಯಸಿಡ್ ಹನಿ ಬಿಟ್ಟೆ. ಕರಗಲಿ ದೇವರೇ ಎಂದುಕೊಂಡೆ. ಕರಗಲಿಲ್ಲ. ಹೆಪ್ಪು ಒಡೆದ ಮೊಸರಿನಂತೆ ಇನ್ನೂ ಗಟ್ಟಿಯಾಗಿ ಚೂರು ಚೂರಾಗಿ ಇಳಿಯತೊಡಗಿತು.

ಅತ್ತೆ ಹಿಂದೆ ನಿಂತು ನೋಡುತ್ತಿದ್ದಳು. ಮಾವನೂ ಕಟ್ಟೆಯಿಂದ ಇಳಿದು ಬಂದಿದ್ದ.

"ಇದು ಅಕೀ ಜೀವಕ್ಕ ಕುತ್ತು ಐತಿ. ಈಗಿಂದೀಗ ಬೆಳಗಾವಿಗೆ ಒಯ್ಯಬೇಕು," ಎಂದೆ.

"ಏನರ ಹೇಳಬ್ಯಾಡ್ರಿ ವೈನಿ. ಬೆಂಕಿ ಮ್ಯಾಲ ಇಟ್ರ ಯಾರದಾದ್ರೂ ಒಡೀತೈತಿ. ಹಾಲು ಒಡಿಯೂದಿಲ್ಲೇನು?" ಎಂದಳು ಅತ್ತೆ. ಗಂಡನ ಕಡೆ ತಿರುಗಿ, "ಮುಂಜಾನೆ ಇವರ ತಿಳಿ ಐತಿ ಅಂದಾರ್ರಿ," ಎಂದಳು.

ಆಗ ಆ ಮಾತು ನನ್ನ ಬಾಯಿಂದ ಬಂತು. "ಯಾರದಾದ್ರೂ ಒಡಿಯೂದಾದ್ರ ಮುಂಜಾನೆ ನಿಮ್ಮುಚ್ಚಿ ಯಾಕ ಒಡೀಲಿಲ್ಲ ಯಕ್ಕಾ?"

ಕಟ್ಟೆಯ ಮೇಲಿನ ಇಬ್ಬರೂ ಕೇಳಿಸಿಕೊಂಡರು. ಅವಳು ಬಚ್ಚಲ ಕಲ್ಲಿನ ಮೇಲೆ ಕೂತು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅವಳ ಗಂಡ ಅವಳನ್ನೇ ನೋಡಿದ, ಆಮೇಲೆ ಸೊಸೆಯ ಮುಖ ನೋಡಿದ. ಸೊಸೆಯ ಮುಖವನ್ನು ಅವನು ಸರಿಯಾಗಿ ನೋಡಿದ್ದು ಆಗಲೇ ಇರಬೇಕು. "ಜೀಪ ತರ್ರೋ," ಎಂದು ಕಟ್ಟೆಯ ಕಡೆ ಕೂಗಿದ.

ಮಾಡಬೇಕಾದ್ದನ್ನೇ ಮಾಡಿದೆ ಎಂದು ಆಮೇಲೆ ಬಾಯಾರು ಹೇಳಿದರು. ಆದರೆ ವಯಸ್ಸಾದ ಹೆಣ್ಣುಮಗಳೊಬ್ಬಳ ಮಾನವನ್ನು ಅವಳ ಮನೆಯಲ್ಲೇ, ಅವಳ ಗಂಡನ ಮುಂದೆ ಕಳೆದದ್ದು ನಾನು. ಮುಂಜಾನೆ ದವಾಖಾನೆಯಲ್ಲಿ ಕೈಹಿಡಿದು ಒಳಗೆ ಕರೆದು ಗಟ್ಟಿಯಾಗಿ ಕೇಳಿದ್ದರೆ ಅದು ನಮ್ಮಿಬ್ಬರಲ್ಲೇ ಮುಗಿಯುತ್ತಿತ್ತು.

ಜೀಪಿನಲ್ಲಿ ಹುಡುಗಿಯನ್ನು ನಡುವೆ ಕೂರಿಸಿಕೊಂಡೆವು. ಜಾಂಬೋಟಿ ದಾಟಿ ಬೆಳಗಾವಿ ಮುಟ್ಟುವವರೆಗೆ ಅತ್ತೆ ನನ್ನ ಕಡೆ ತಿರುಗಲಿಲ್ಲ. ಸೊಸೆಯ ತಲೆಯನ್ನು ಎದೆಗೆ ಒತ್ತಿಕೊಂಡು, ರಸ್ತೆಯ ಕುಣಿ ಬಂದಾಗಲೆಲ್ಲ ಅವಳ ಹೊಟ್ಟೆಯ ಮೇಲೆ ಅಂಗೈ ಇಡುತ್ತಿದ್ದಳು.

ದವಾಖಾನೆಯಲ್ಲಿ ಬಿ.ಪಿ. ನೋಡಿದವರು ಇನ್ನೊಬ್ಬರನ್ನು ಕರೆದು ಮತ್ತೊಮ್ಮೆ ನೋಡಿಸಿದರು. ಫಿಟ್ಸ್ ಬರದಂತೆ ಇಂಜೆಕ್ಷನ್ ಕೊಟ್ಟರು. ಕೂಸು ತೆಗೆಯದೆ ಗತಿಯಿಲ್ಲ ಎಂದು ಅಂದೇ ಹೊಟ್ಟೆ ಕೊಯ್ದು ತೆಗೆದರು. ಅಂಗೈಯಷ್ಟು ಹೆಣ್ಣು ಕೂಸು. ಅತ್ತಿತು. ಗಾಜಿನ ಪೆಟ್ಟಿಗೆಯಲ್ಲಿ ಇಟ್ಟರು.

ಅಪಾಯ ಮುಗಿದಿರಲಿಲ್ಲ. ಹುಡುಗಿಗೆ ಉಚ್ಚಿ ಇಳಿಯುತ್ತಿರಲಿಲ್ಲ. ನಳಿ ಹಾಕಿ ಅದರ ತುದಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ ಮಂಚದ ಬದಿಗೆ ತೂಗಿಬಿಟ್ಟಿದ್ದರು. ಚೀಲದ ಮೇಲೆ ಅಳತೆಯ ಗೆರೆಗಳು. ಅದರಲ್ಲಿ ಚಹಾದ ಕಷಾಯದಂಥ ಬಣ್ಣದ್ದು ತಳಕ್ಕೆ ಅಂಟಿದಷ್ಟೇ ಇತ್ತು. ನರ್ಸ್ ಗಂಟೆಗೊಮ್ಮೆ ಬಗ್ಗಿ ನೋಡಿ ಬರೆದುಕೊಳ್ಳುತ್ತಿದ್ದಳು, ಸಣ್ಣ ಸುತ್ತಿಗೆಯಿಂದ ಮೊಣಕಾಲು ಬಡಿದು ನೋಡುತ್ತಿದ್ದಳು. ಉಚ್ಚಿ ಹೋಗದಿದ್ದರೆ ಆ ಇಂಜೆಕ್ಷನ್ನೇ ಮೈಯಲ್ಲಿ ನಿಂತು ವಿಷವಾಗುತ್ತದಂತೆ. ಡಾಕ್ಟರರು, "ಕಿಡ್ನಿ ಕೆಲಸ ಚಾಲೂ ಮಾಡಬೇಕು. ಇಲ್ಲಂದ್ರ ಮಷೀನಿಗೆ ಹಾಕಬೇಕಾಗತೈತಿ. ಆಮ್ಯಾಲಿಂದು ಈಗ ಹೇಳಾಕ ಆಗೂದಿಲ್ಲ," ಎಂದು ಹೋದರು.

ವಾರ್ಡಿನಲ್ಲಿ ಓಡಾಡುವ ಮಂದಿಗೆಲ್ಲ ಆ ಚೀಲ ಕಾಣುತ್ತಿತ್ತು. ಅತ್ತೆ ಅದರ ಮೇಲೆ ಒಂದು ಟವೆಲ್ ಹೊದಿಸಿದಳು. ನರ್ಸ್ ಬಂದು ತೆಗೆದಳು. ಅವಳು ಹೋದ ಮೇಲೆ ಅತ್ತೆ ಮತ್ತೆ ಹೊದಿಸಿದಳು.

"ಓ ಆಜಿ, ಅದನ್ನ ಮುಚ್ಚಬ್ಯಾಡ್ರಿ ಅಂದೆ. ಈಗ ನಿಮ್ಮ ಸೊಸಿ ಮುಖಕ್ಕಿಂತ ಅದ ಚೀಲ ನೋಡಬೇಕು ನಾವು," ಎಂದು ನರ್ಸ್ ಟವೆಲನ್ನೇ ಒಯ್ದುಬಿಟ್ಟಳು.

ಆಮೇಲೆ ಅತ್ತೆ ನನ್ನ ಜೊತೆ ಮಾತಾಡಿದಳು. ಮುಖ ಮಾತ್ರ ಚೀಲದ ಕಡೆಗೇ ಇತ್ತು. "ಜಾಂಬೋಟಿ ಸ್ಟ್ಯಾಂಡಿನ್ಯಾಗ ಮಂದಿ ನೂಕಿದ್ರು, ಡಬ್ಬಿ ಉರುಳ್ತು. ಬರೇ ಕೈಲೇ ಹೆಂಗ ಬರ್ಲಿ? ಹೊಳ್ಳಿ ಮನಿಗೆ ಹೋಗಿ ಏನಂತ ಹೇಳ್ಲಿ, ಚೆಲ್ಲೀನಿ ಅಂತಲ್ಲಾ? ಒಂದ ಮನಿ, ಒಂದ ರೊಟ್ಟಿ, ಒಂದ ಬಾವಿ ನೀರು. ಎಲ್ಲಾರದೂ ಒಂದ ಇರತೈತಿ ಅಂತ ಮಾಡಿದ್ದೆ." ಸೊಸೆಯ ಹೊದಿಕೆ ಸರಿಮಾಡಿ, "ಅಣ್ಣಾರ ಕಡೆ ಬರುವಾಗೂ ಎರಡ ಸಲ ಹಿಂಗ ಆಗಿತ್ತು. ಅವ್ರಿಗೆ ಗೊತ್ತ ಆಗಲಿಲ್ಲ," ಎಂದಳು.

ಮಕ್ಕಳೇ, ನಿಮ್ಮ ಅಜ್ಜ ಕೆಟ್ಟವರಲ್ಲ. ಯಾರಿಗೂ ಮೋಸ ಮಾಡಿದವರಲ್ಲ. ಅವರ ಗುರುಗಳು ನಾಡಿ ಹಿಡಿಯುತ್ತಿದ್ದರಂತೆ, ನಾಲಿಗೆ, ಕಣ್ಣು, ಮೈಯ ಕಾವು ಎಲ್ಲವನ್ನೂ ನೋಡುತ್ತಿದ್ದರಂತೆ. ನೀರು ಅದರಲ್ಲಿ ಒಂದು ಮಾತ್ರ. ಪರರ ಮನೆಯ ಹೆಣ್ಣುಮಗಳ ಕೈ ಹಿಡಿಯಲು ಅಜ್ಜ ನಾಚಿದರು, ಹೆಣ್ಣುಮಕ್ಕಳು ಬರಲು ನಾಚಿದರು, ಹಾಗಾಗಿ ನೀರೊಂದೇ ಉಳಿಯಿತು. ಒಮ್ಮೆ ಒಬ್ಬ ಮುದುಕಿ ತಂದ ನೀರಿನಲ್ಲಿ ಹನಿ ಮುಳುಗಿತು. ಅಜ್ಜ ತಲೆ ಅಲ್ಲಾಡಿಸಿದರು. ಮುದುಕಿ ಅಳುತ್ತಾ ಹೋದಳು. ಯಾರ ನೀರು, ಮನೆಯಲ್ಲಿ ಮಲಗಿದವರು ಯಾರು, ಆಮೇಲೆ ಏನಾಯಿತು ಎಂದು ನಾವಿಬ್ಬರೂ ಕೇಳಲಿಲ್ಲ. ನಾನು ಬಶಿ ತೊಳೆದು ಬೋರಲು ಹಾಕಿದೆ. ಇಷ್ಟು ದಿನ ನಾನು ನಿಮ್ಮ ಅಜ್ಜನ ಕಸುಬು ಹೊಲಸೆಂದು ನಾಚುತ್ತಿದ್ದೆ. ಆ ಮಂಚದ ಪಕ್ಕದಲ್ಲಿ ಕೂತಾಗ, ನಾಚಬೇಕಾದದ್ದು ಅದಕ್ಕಲ್ಲ ಎಂದು ತಿಳಿಯಿತು.

ನಾನು ಅವಳಿಗೆ, "ಗೊತ್ತಿದ್ದು ನಾನೂ ಮುಂಜಾನೆ ಸುಮ್ನಾದೆ ಯಕ್ಕಾ," ಎಂದೆ.

"ಇನ್ನೊಂದ ಸಲ ಕೇಳಿದ್ರ ಹೇಳ್ತಿದ್ದೆ ವೈನಿ," ಎಂದಳು. ಅದರಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ಜಾಸ್ತಿ ಚುಚ್ಚಿತು.

ಮರುದಿನ ಮುಂಜಾನೆ ರೋಗಿಗಳನ್ನು ಕಾಣಲು ಬಿಡುವ ಹೊತ್ತು. ಕಾರಿಡಾರಿನ ತುಂಬ ಗಂಡಸರು, ಟಿಫಿನ್ ಹಿಡಿದವರು, ಗೋವೆಯಿಂದ ಬಂದಿದ್ದ ಹುಡುಗಿಯ ಗಂಡ, ಅವಳ ಮಾವ. ನಾನು ಮುಖ ತೊಳೆದು ನಳದ ಹತ್ತಿರ ನಿಂತಿದ್ದೆ. ವಾರ್ಡಿನ ಬಾಗಿಲಲ್ಲಿ ಅತ್ತೆ ಕಾಣಿಸಿಕೊಂಡಳು. ತಲೆಯ ಮೇಲಿನ ಸೆರಗು ಜಾರಿತ್ತು, ಅದರ ಪರಿವೆ ಅವಳಿಗಿರಲಿಲ್ಲ.

"ವೈನೀ! ಉಚ್ಚಿ ಬಂತ್ರೀ! ಚೀಲ ಅರ್ಧ ತುಂಬೇತಿ, ತಿಳೀ ಐತಿ, ಉಚ್ಚಿ ಬಂತು!"

ಇಡೀ ಕಾರಿಡಾರು ತಿರುಗಿ ನೋಡಿತು. ಅವಳ ಮಗ ತಲೆ ತಗ್ಗಿಸಿ ನಕ್ಕ. ಅವಳ ಗಂಡ ಅಲ್ಲೇ ಬೆಂಚಿನ ಮೇಲೆ ಕೂತು ತಲೆಗೆ ಸುತ್ತಿದ್ದ ಪಟಕದ ತುದಿಯಿಂದ ಕಣ್ಣು ಒರೆಸಿಕೊಂಡ. ಅವಳು ಇನ್ನೊಮ್ಮೆ ಕೂಗಿದಳು. ನಾನು ಮಾತ್ರ, ನಿಮ್ಮ ಈ ಅಜ್ಜಿ, ಆಗಲೂ ಯಾರು ಯಾರು ಕೇಳಿಸಿಕೊಂಡರು ಎಂದು ಸುತ್ತ ನೋಡಿದೆ. ಸೆರಗು ಸರಿಪಡಿಸಿಕೊಂಡು ಮೆಲ್ಲಗೆ ಅವಳ ಕಡೆ ನಡೆದೆ.

ಅವಳಷ್ಟು ಗಟ್ಟಿಯಾಗಿ ಕೂಗಲು ನನಗೆ ಈ ಜನ್ಮದಲ್ಲಿ ಆಗಲಿಕ್ಕಿಲ್ಲ. ಅದಕ್ಕೆ ಬರೆದಿಟ್ಟಿದ್ದೇನೆ. ಶ್ರೇಯಾ, ಈ ಹಾಳೆಗಳನ್ನು ನಿನ್ನ ಸಾಲೆಯ ಸರ್ಟಿಫಿಕೇಟುಗಳ ಜೊತೆ ಇಡು. ಡಾಕ್ಟರರ ಮುಂದೆ ಏನಾದರೂ ಹೇಳಲು ನಿನಗೆ ನಾಚಿಕೆಯಾದ ದಿನ ತೆಗೆದು ಓದು. ಸಮರ್ಥ, ನೀನೂ ಓದು, ನಿನ್ನ ಮನೆಗೆ ಬರುವ ಹೆಣ್ಣುಮಗಳಿಗೂ ಓದಲು ಕೊಡು. ನೀರು ತಾಗದಂತೆ, ಹರಿಯದಂತೆ, ಇಬ್ಬರೂ ಜೋಪಾನ ಮಾಡಿರಿ.